ಕ್ರಾಸಿಗೆ ಬಂದ ಚೆಂಡು

‘ಬಸ್ಸು ಊರಾಗ ಹೋಗಂಗಿಲ್ರಿ, ಕ್ರಾಸಿಗೆ ಇಳೀಬೇಕು.’ ಹುಬ್ಬಳ್ಳಿಯಿಂದ ನವಲಗುಂದದ ಮೇಲೆ ನರಗುಂದದ ಕಡೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಹೀಗೆ ಹೇಳಿದರೆ ಯಾರೂ ಅರ್ಥ ಕೇಳುವುದಿಲ್ಲ. ಹೆದ್ದಾರಿಯಿಂದ ಹಳ್ಳಿಯ ದಾರಿ ಒಡೆಯುವ ಜಾಗವೇ ಕ್ರಾಸ್. ಅಲ್ಲಿ ಒಂದು ಚಹಾದಂಗಡಿ ಇದ್ದರೆ ಪುಣ್ಯ, ನೆರಳಿಗೊಂದು ಬೇವಿನ ಗಿಡ ಇದ್ದರೆ ಇನ್ನೂ ಪುಣ್ಯ. ಸುತ್ತ ಕಣ್ಣು ಹರಿಯುವಷ್ಟು ದೂರ ಎರಿ ಹೊಲ. ಬೆಂಗಳೂರಿನವರಿಗೆ ಈ ಶಬ್ದ ಬೇರೆ. ಅವರಿಗೆ ಕ್ರಾಸ್ ಎಂದರೆ ಮೇನ್ ರೋಡಿಗೆ ಅಡ್ಡಲಾಗಿ ಹಾಯ್ದ, ಅಂಕಿಯನ್ನೇ ಹೆಸರಾಗಿ ಹೊತ್ತ ಬೀದಿ. ಅಲ್ಲಿ ಜನ ಕ್ರಾಸಿನಲ್ಲಿ ಮನೆ ಮಾಡಿಕೊಂಡಿರುತ್ತಾರೆ. ನಮ್ಮ ಕಡೆ ಕ್ರಾಸಿನಲ್ಲಿ ಯಾರ ಮನೆಯೂ ಇರುವುದಿಲ್ಲ. ಅದು ಇಳಿಯುವ ಜಾಗ, ಹಾದಿ ಕಾಯುವ ಜಾಗ.

ಇಂಗ್ಲಿಷಿನಿಂದ ಬಂದ ಶಬ್ದಗಳಲ್ಲಿ ಇಷ್ಟು ಮನೆ ಹೊಕ್ಕಿದ್ದು ಇನ್ನೊಂದು ಸಿಗಲಿಕ್ಕಿಲ್ಲ. ಕೋರ್ಟಿನಲ್ಲಿ ‘ಪಾಟೀಸವಾಲು’ ಎಂಬ ಸೊಗಸಾದ ಮಾತು ಇದ್ದರೂ ವಕೀಲರು ತಮ್ಮತಮ್ಮಲ್ಲಿ ಆಡುವಾಗ ‘ಇವತ್ತ ಸಾಕ್ಷಿದಾರನ ಕ್ರಾಸ್ ಐತಿ’ ಎನ್ನುತ್ತಾರೆ. ಬ್ಯಾಂಕಿನಲ್ಲಿ ಚೆಕ್ಕಿನ ಮೂಲೆಗೆ ಎರಡು ಗೆರೆ ಎಳೆದರೆ ಅದು ಕ್ರಾಸ್. ಹೈನಿನ ಮಾತು ಬಂದರೆ ಜವಾರಿ ಆಕಳು, ಕ್ರಾಸ್ ಆಕಳು ಎಂಬ ಎರಡೇ ಜಾತಿ. ಧರ್ಮದ ಮಾತಿನಲ್ಲಿ ಮಾತ್ರ ಈ ಶಬ್ದಕ್ಕೆ ಜಾಗ ಸಿಗಲಿಲ್ಲ. ಅಲ್ಲಿ ಸಿರಿಯಾಕ್ ಮೂಲದ ‘ಶಿಲುಬೆ’ ಬೇರೂರಿದೆ. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದು ನೆಲೆ ನಿಂತರೂ ಕನ್ನಡ ಕ್ರೈಸ್ತರ ಬಾಯಲ್ಲಿ ಅದು ಶಿಲುಬೆಯಾಗಿಯೇ ಉಳಿಯಿತು.

ಹತ್ತಿಯ ಹೊಲದಲ್ಲಂತೂ ಈ ಶಬ್ದಕ್ಕೆ ದೊಡ್ಡ ಚರಿತ್ರೆಯೇ ಇದೆ. ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ. ಎಚ್. ಕಟರಕಿ ಅವರು ಎರಡು ಬೇರೆ ಪ್ರಭೇದದ ಹತ್ತಿಗಳನ್ನು ಕೂಡಿಸಿ ‘ವರಲಕ್ಷ್ಮಿ’ ತಳಿಯನ್ನು ಕೊಟ್ಟದ್ದು 1972ರಲ್ಲಿ. ಒಂದು ಕಡೆ ನಮ್ಮ ಹೊಲಗಳಲ್ಲಿ ಆಗಲೇ ಪಳಗಿದ್ದ ‘ಲಕ್ಷ್ಮಿ’, ಇನ್ನೊಂದು ಕಡೆ ಉದ್ದ ಎಳೆಯ ಬಾರ್ಬಡೆನ್ಸ್. ಮುಂದೆ ‘ಜಯಲಕ್ಷ್ಮಿ’ಯೂ ಬಂತು. ಇಂಥ ಬೀಜ ಗಾಳಿಗೆ, ಜೇನಿಗೆ ಬಿಟ್ಟರೆ ಆಗುವುದಿಲ್ಲ, ಕೈಯಿಂದಲೇ ಆಗಬೇಕು. ಮರುದಿನ ಅರಳಲಿರುವ ಮೊಗ್ಗನ್ನು ಹಿಂದಿನ ಸಂಜೆ ಬಿಡಿಸಿ, ಕೇಸರಗಳನ್ನೆಲ್ಲ ಉಗುರಿನಿಂದ ತೆಗೆದು, ಗುರುತಿಗೆ ಬಣ್ಣದ ಕಾಗದ ಸಿಕ್ಕಿಸಿ ಬರುತ್ತಾರೆ. ಬೆಳಗಾದರೆ ಗಂಡು ಸಾಲಿನ ಹೂ ಕಿತ್ತು ತಂದು ಅದರ ಪರಾಗವನ್ನು ಈ ಹೂವಿಗೆ ಮುಟ್ಟಿಸುತ್ತಾರೆ. ರಾಣೆಬೆನ್ನೂರಿನ ಸುತ್ತಮುತ್ತ ಬೀಜೋತ್ಪಾದನೆಯ ಹೊಲಗಳಿಗೆ ಹೋಗುವ ಹೆಣ್ಣುಮಕ್ಕಳು ಇದಕ್ಕೆ ‘ಕ್ರಾಸಿಂಗ್ ಮಾಡೂದು’ ಎನ್ನುತ್ತಾರೆ. ಬೆರಳು ಸೂಕ್ಷ್ಮವಿರಬೇಕು, ಹೊತ್ತು ತಪ್ಪಬಾರದು. ಬಿಸಿಲು ಏರಿದ ಮೇಲೆ ಮುಟ್ಟಿಸಿದ ಹೂವಿನಲ್ಲಿ ಕಾಯಿ ಕಟ್ಟುವ ಭರವಸೆ ಕಡಿಮೆ.

ಫುಟ್‌ಬಾಲಿನ ಕ್ರಾಸ್ ನಮ್ಮ ಊರುಗಳಿಗೆ ಬಂದದ್ದು ತಡವಾಗಿ, ಅದೂ ಮೈದಾನದಿಂದಲ್ಲ, ಟಿ.ವಿ.ಯಿಂದ. ನವಲಗುಂದದ ನೆಲ ಕಬಡ್ಡಿಯದು, ಕುಸ್ತಿಯದು. ಎರಿ ಮಣ್ಣೂ ಅದಕ್ಕೊಂದು ಕಾರಣವಿರಬೇಕು ಎಂದು ನನಗೆ ಅನ್ನಿಸುತ್ತದೆ. ಒಂದು ಹದ ಮಳೆ ಬಿದ್ದರೆ ಸಾಕು, ಆ ಮಣ್ಣು ಹೆಜ್ಜೆಹೆಜ್ಜೆಗೂ ಕಾಲಿಗೆ ಮೆತ್ತಿ ಎತ್ತಲು ಬಿಡುವುದಿಲ್ಲ. ಬೇಸಿಗೆಯಲ್ಲಿ ಪಾದ ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಅಂಚಿನ ಗೆರೆಗುಂಟ ಚೆಂಡು ಉರುಳಿಸುತ್ತ ಜೋರಾಗಿ ಓಡಿ, ಓಟದಲ್ಲೇ ತಿರುಗಿ ಹೊಡೆಯುವ ಆಟ ಇಂಥ ನೆಲದ ಮೇಲೆ ಬೆಳೆಯುವುದು ಕಷ್ಟ.

ಪತ್ರಿಕೆಗಳ ಕ್ರೀಡಾಪುಟ ಬರೆಯುವವರು ಫುಟ್‌ಬಾಲಿಗೆ ಕಾಲ್ಚೆಂಡು ಎಂದರು, ಕಾಲ್ಚಳಕ ಎಂದರು, ಗೋಲು ಪೆಟ್ಟಿಗೆ ಎಂದರು. ಕ್ರಾಸನ್ನು ಮಾತ್ರ ಹಾಗೇ ಬಿಟ್ಟರು. ಅದು ಸರಿಯೇ ಆಯಿತು. ‘ಅಡ್ಡ’ ಎಂಬುದು ಕನ್ನಡದಲ್ಲಿ ಬಹಳ ದುಡಿದ ಮಾತು. ನಮ್ಮ ಕಡೆ ಮನೆತನದ ಹೆಸರು ಅಡ್ಡಹೆಸರು. ಸಂಜೆ ಹೊರಗೆ ಹೋದರೆ ಅಡ್ಡಾಡಿ ಬರುವುದು. ಹಿರಿಯರಿಗೆ ಅಡ್ಡಬೀಳುವುದು. ಜಗದ್ಗುರುಗಳ ಮೆರವಣಿಗೆ ಬಂದರೆ ಬೀದಿಯ ಅಗಲಕ್ಕೂ ನಡೆಯುವುದು ಅಡ್ಡಪಲ್ಲಕ್ಕಿ. ಆದರೆ ಅದೇ ಮಾತು ಆಟದೊಳಗೆ ಬಂದ ಕೂಡಲೇ ಅದರ ಮುಖ ತಿರುಗುತ್ತದೆ. ಅಡ್ಡ ಬಂದ, ಅಡ್ಡ ಹಾಕಿದ, ಅಡ್ಡಗಾಲು ಕೊಟ್ಟ: ಎಲ್ಲ ತಡೆಯುವ ಕೆಲಸ. ಕ್ರಾಸ್ ಮಾಡುವವನ ಕೆಲಸ ಅದಕ್ಕೆ ಪೂರಾ ತಿರುಗು. ಅವನು ದಾರಿ ಮಾಡಿಕೊಡುತ್ತಾನೆ.

ಮೈದಾನದ ಎಡ ಅಥವಾ ಬಲ ಅಂಚಿನಿಂದ ಎದುರಾಳಿಯ ಗೋಲಿನ ಮುಂದಕ್ಕೆ ಚೆಂಡನ್ನು ಕಳಿಸುವುದೇ ಕ್ರಾಸ್. ಹೇಳಲು ಇಷ್ಟೇ. ಮಾಡುವಾಗ ಗೊತ್ತಾಗುತ್ತದೆ. ಗೋಲ್‌ಕೀಪರ್ ನಿಂತ ಗೋಲಿನ ಗೆರೆಯಿಂದ ಐದೂವರೆ ಮೀಟರಿಗೆ ಒಂದು ಸಣ್ಣ ಚೌಕ, ಹನ್ನೊಂದು ಮೀಟರಿಗೆ ಪೆನಾಲ್ಟಿ ಚುಕ್ಕೆ. ಒಳ್ಳೆಯ ಕ್ರಾಸ್ ಬೀಳುವುದು ಇವೆರಡರ ನಡುವಿನ ಪಟ್ಟಿಯಲ್ಲಿ. ಅಷ್ಟು ದೂರ ಮುಂದೆ ಬರಲು ಗೋಲ್‌ಕೀಪರ್‌ಗೆ ಧೈರ್ಯವಾಗುವುದಿಲ್ಲ. ರಕ್ಷಣೆಯವರು ತಮ್ಮದೇ ಗೋಲಿನ ಕಡೆ ಮುಖ ಮಾಡಿ ಹಿಂದಕ್ಕೆ ಓಡುತ್ತಿರುತ್ತಾರೆ. ಮುಟ್ಟಿದರೆ ಸ್ವಂತ ಗೋಲಾದೀತು ಎಂಬ ಭಯ ಅವರಿಗೆ. ಚೆಂಡಿನ ಬಾಗೂ ಲೆಕ್ಕಕ್ಕೆ ಬರುತ್ತದೆ. ಬಲ ಅಂಚಿನಿಂದ ಬಲಗಾಲಿನ ಒಳಬದಿಯಿಂದ ಹೊಡೆದದ್ದು ತಿರುಗುತ್ತ ಹೋಗಿ ಗೋಲ್‌ಕೀಪರ್‌ನಿಂದ ದೂರಕ್ಕೆ, ಓಡಿಬರುವ ತನ್ನವನ ಹಣೆಯ ಕಡೆಗೆ ಬಾಗುತ್ತದೆ. ಅಲ್ಲಿಂದಲೇ ಎಡಗಾಲಿನಿಂದ ಹೊಡೆದರೆ ಗೋಲಿನ ಕಡೆಗೇ ಬಾಗುತ್ತದೆ. ಯಾರೂ ಮುಟ್ಟದಿದ್ದರೂ ಒಳಗೆ ಹೋಗಬಹುದು.

ಹೊಡೆಯುವ ಗಳಿಗೆಯಲ್ಲಿ ಆ ಪಟ್ಟಿಯಲ್ಲಿ ಯಾರೂ ಇರುವುದಿಲ್ಲ ಎಂಬುದೇ ಈ ವಿದ್ಯೆಯ ತಿರುಳು. ಇದ್ದರೆ ಅವನನ್ನು ಕಾಯಲು ಎದುರಾಳಿಯೂ ಇರುತ್ತಾನೆ. ಹಾಗಾಗಿ ಕ್ರಾಸ್ ಮನುಷ್ಯನಿಗೆ ಕೊಡುವ ಚೆಂಡಲ್ಲ, ಜಾಗಕ್ಕೆ ಕೊಡುವ ಚೆಂಡು. ನಮ್ಮ ಬಸ್ಸು ಕೂಸನ್ನೆತ್ತಿಕೊಂಡ ಬಾಣಂತಿಯನ್ನು ಖಾಲಿ ಕ್ರಾಸಿನಲ್ಲಿ ಇಳಿಸಿ ಹೊರಟುಬಿಡುತ್ತದಲ್ಲ, ಊರಿನಿಂದ ತಮ್ಮ ಗಾಡಿ ತರುತ್ತಾನೆ ಎಂಬ ನಂಬಿಕೆಯ ಮೇಲೆ, ಇದೂ ಹಾಗೆಯೇ. ಬರುವವನು ಬಾರದೇ ಇದ್ದರೆ ಎಂಥ ಸುಂದರ ಕ್ರಾಸೂ ಎದುರಿನ ಗೆರೆ ದಾಟಿ ಹೊರಗೆ ಹೋಗುತ್ತದೆ, ನೋಡುವವರು ಹೊಡೆದವನನ್ನೇ ಬೈಯುತ್ತಾರೆ. ಬಂದು ತಲೆ ಕೊಟ್ಟರೆ ಹೆಸರು ತಲೆ ಕೊಟ್ಟವನದು.

ಈ ಲೆಕ್ಕ ತಿರುಗಿದ್ದು ಅಪರೂಪ. 1953ರ ಮೇ 2ರಂದು ವೆಂಬ್ಲಿಯಲ್ಲಿ ಎಫ್.ಎ. ಕಪ್ ಫೈನಲ್. ಬ್ಲ್ಯಾಕ್‌ಪೂಲ್ ತಂಡ ಬೋಲ್ಟನ್ ಎದುರು 1–3ರಿಂದ ಹಿಂದೆ ಬಿದ್ದಿತ್ತು. ಬಲ ಅಂಚಿನಲ್ಲಿ 38 ವರ್ಷದ ಸ್ಟ್ಯಾನ್ಲಿ ಮ್ಯಾಥ್ಯೂಸ್. ಅವರ ಒಂದು ಕ್ರಾಸನ್ನು ಗೋಲ್‌ಕೀಪರ್ ಸರಿಯಾಗಿ ಹಿಡಿಯಲಾಗದೆ ಗೋಲಾಯಿತು. ಕೊನೆಯ ಗಳಿಗೆಯಲ್ಲಿ ಅಂಚಿನಿಂದ ಹಿಂದಕ್ಕೆ ತಳ್ಳಿಕೊಟ್ಟ ಚೆಂಡನ್ನು ಬಿಲ್ ಪೆರಿ ಒಳಗೆ ಹಾಕಿದರು, 4–3. ಆ ದಿನ ಮೂರು ಗೋಲು ಹೊಡೆದವರು ಸ್ಟ್ಯಾನ್ ಮಾರ್ಟೆನ್ಸನ್. ಆದರೂ ಆ ಪಂದ್ಯವನ್ನು ಜಗತ್ತು ಇಂದಿಗೂ ಕರೆಯುವುದು ಮ್ಯಾಥ್ಯೂಸ್ ಫೈನಲ್ ಎಂದು. ಮಾರ್ಟೆನ್ಸನ್ ಬಗ್ಗೆ ಮರುಕ ಹುಟ್ಟುತ್ತದೆ, ನಿಜ. ಆದರೆ ಕೊಟ್ಟವನ ಹೆಸರು ಉಳಿದ ಒಂದು ಪಂದ್ಯವಾದರೂ ಇದೆಯಲ್ಲ ಎಂದು ನನಗೆ ಸಂತೋಷ.

ಐದು ವರ್ಷದ ನಂತರ, 1958ರ ವಿಶ್ವಕಪ್ ಫೈನಲ್ ನೆನಪಾದ ಕೂಡಲೇ ಎಲ್ಲರೂ ಹದಿನೇಳರ ಪೆಲೆಯನ್ನು ಹೇಳುತ್ತಾರೆ. ಆದರೆ ಮೊದಲು ಗೋಲು ಹೊಡೆದದ್ದು ಸ್ವೀಡನ್. ಬ್ರೆಜಿಲನ್ನು ಎತ್ತಿ ನಿಲ್ಲಿಸಿದ್ದು ಗಾರಿಂಚಾ. ಹುಟ್ಟಿನಿಂದಲೇ ಎರಡೂ ಕಾಲು ಒಂದೇ ಕಡೆ ಬಾಗಿದ್ದ ಮನುಷ್ಯ. ಎರಡು ಸಲ, ಒಂದೇ ಬಗೆಯಲ್ಲಿ, ಬಲ ಅಂಚಿನಲ್ಲಿ ಎದುರಿಗಿದ್ದವನನ್ನು ದಾಟಿ ಗೋಲಿನ ಗೆರೆಯವರೆಗೂ ಹೋಗಿ ಚೆಂಡನ್ನು ಗೋಲಿನ ಮುಂದಕ್ಕೆ ಕಳಿಸಿದರು. ಎರಡು ಸಲವೂ ವಾವಾ ಅದನ್ನು ಒಳಗೆ ಹಾಕಿದರು. ಗೆರೆಯವರೆಗೂ ಹೋಗುವುದರಲ್ಲಿ ಒಂದು ಯುಕ್ತಿ ಇದೆ: ಚೆಂಡು ಅಷ್ಟು ಮುಂದೆ ಇದ್ದಾಗ ತನ್ನ ಕಡೆಯವರೆಲ್ಲ ಅದರ ಹಿಂದೆಯೇ ಇರುತ್ತಾರೆ, ಆಫ್‌ಸೈಡ್ ಭಯವಿಲ್ಲ.

ಡೇವಿಡ್ ಬೆಕಮ್ ದಾರಿ ಬೇರೆ. ಅವರಿಗೆ ಗಾರಿಂಚಾನ ಹಾಗೆ ಎದುರಿನವನನ್ನು ಏಮಾರಿಸಿ ಓಡುವ ಕಾಲಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅರ್ಧ ಗಜ ಜಾಗ ಸಿಕ್ಕರೆ ಸಾಕು, ದೂರದಿಂದಲೇ ಬಾಗಿಸಿ ಕಳಿಸುತ್ತಿದ್ದರು. 1999ರ ಮೇ 26ರಂದು ಬಾರ್ಸಿಲೋನಾದಲ್ಲಿ ಬಯಾರ್ನ್ ಮ್ಯೂನಿಕ್ ಎದುರು ಕೊನೆಯ ನಿಮಿಷಗಳಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದ ಎರಡು ಗೋಲೂ ಅವರ ಕಾರ್ನರ್‌ಗಳಿಂದ ಹುಟ್ಟಿದವು. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಕ್ರಾಸ್ ಮೇಗನ್ ರಪಿನೋ ಅವರದು. 2011ರ ಜುಲೈ 10, ಮಹಿಳಾ ವಿಶ್ವಕಪ್ ಕ್ವಾರ್ಟರ್ ಫೈನಲ್, ಜರ್ಮನಿಯ ಡ್ರೆಸ್ಡೆನ್. ಬ್ರೆಜಿಲ್ 2–1ರಿಂದ ಮುಂದಿತ್ತು, ಅಮೆರಿಕಕ್ಕೆ ಒಬ್ಬ ಆಟಗಾರ್ತಿ ಕಡಿಮೆ. 122ನೇ ನಿಮಿಷದಲ್ಲಿ ಎಡ ಅಂಚಿನಿಂದ, ತನ್ನ ಪಳಗಿದ ಕಾಲಲ್ಲದ ಎಡಗಾಲಿನಿಂದ, ದೂರದ ಕಂಬದ ಬಳಿಗೆ ಅವರು ಎತ್ತಿ ಹೊಡೆದರು. ಅಬಿ ವಾಮ್‌ಬಾಕ್ ಅಲ್ಲಿದ್ದರು.

ನಮ್ಮ ನಾಡಿನಲ್ಲಿ ಈ ವಿದ್ಯೆ ಹಳೆಯದು, ಬೆಂಗಳೂರಿನಲ್ಲಾದರೂ. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು, ಅಂಚಿನಲ್ಲೇ ಆಡುವವರು. ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು, ಕೊನೆಯದು 1968–69ರಲ್ಲಿ. ಕರ್ನಾಟಕ ಎಂಬ ಹೆಸರಿನಲ್ಲಿ ಅದು ಮತ್ತೆ ಬರಲು 2023ರ ಮಾರ್ಚ್‌ವರೆಗೆ ಕಾಯಬೇಕಾಯಿತು, ಅದೂ ರಿಯಾದ್‌ನಲ್ಲಿ.

ಆದರೆ ಕ್ರಾಸಿನ ಮಾತು ಬಂದರೆ ನಾನು 2018ರ ಮಾರ್ಚ್ 17ಕ್ಕೇ ಹೋಗುತ್ತೇನೆ. ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಐ.ಎಸ್.ಎಲ್. ಫೈನಲ್, ಬೆಂಗಳೂರು ಎಫ್.ಸಿ. ಎದುರು ಚೆನ್ನೈಯಿನ್. ಒಂಬತ್ತನೇ ನಿಮಿಷದಲ್ಲಿ ಮಣಿಪುರದ ಹುಡುಗ ಉದಾಂತ ಸಿಂಗ್ ಬಲ ಅಂಚಿನಲ್ಲಿ ಓಡಿ ಚೆಂಡನ್ನು ಗೋಲಿನ ಮುಂದಕ್ಕೆ ಕಳಿಸಿದರು. ಸುನಿಲ್ ಚೆಟ್ರಿ ಹಾರಿ ನೆಲಕ್ಕೆ ಸಮನಾಗಿ ಮೈ ಚೆಲ್ಲಿ ತಲೆಯಿಂದ ಹೊಡೆದರು. ಇಡೀ ಕಂಠೀರವ ಎದ್ದು ನಿಂತಿತು. ಆಮೇಲೆ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್‌ಗಳಿಗೆ ತಲೆ ಕೊಟ್ಟು ಎರಡು ಗೋಲು ಮಾಡಿದರು, ಮೂರನೆಯದನ್ನು ರಫಾಯೆಲ್ ಅಗಸ್ಟೊ ಹೊಡೆದರು. ನಿಗದಿತ ಹೊತ್ತು ಮುಗಿದ ಮೇಲೆ ಉದಾಂತ ಮತ್ತೊಂದು ಕ್ರಾಸ್ ಕೊಟ್ಟರು, ಮಿಕು ತಲೆಯಿಂದ ಒಳಗೆ ಹಾಕಿದರು. 2–3. ತಂಡದ ಎರಡೂ ಗೋಲಿಗೆ ದಾರಿ ಮಾಡಿದ ಹುಡುಗ ಆ ರಾತ್ರಿ ಸೋತವರ ಸಾಲಿನಲ್ಲಿ ನಿಂತಿದ್ದ.

ಈಗ ಆಟ ಬದಲಾಗುತ್ತಿದೆ. ಬಲ ಅಂಚಿನಲ್ಲಿ ಎಡಗಾಲಿನವರನ್ನು ನಿಲ್ಲಿಸುತ್ತಾರೆ, ಅವರು ಒಳಗೆ ನುಗ್ಗಿ ತಾವೇ ಗೋಲಿಗೆ ಹೊಡೆಯುತ್ತಾರೆ. ಅಂಚಿನ ಕೆಲಸ ಹಿಂದಿನ ರಕ್ಷಣೆಯವರ ಪಾಲಿಗೆ ಬಂದಿದೆ. ಕ್ರಾಸ್ ಎಂದರೆ ಕುರುಡು ಆಟ ಎನ್ನುವವರಿಗೆ 2014ರ ಫೆಬ್ರವರಿಯ ಒಂದು ಪಂದ್ಯ ಸಾಕ್ಷಿಯಾಗಿ ಸಿಕ್ಕಿದೆ: ಮ್ಯಾಂಚೆಸ್ಟರ್ ಯುನೈಟೆಡ್ ಪಟ್ಟಿಯ ತಳದಲ್ಲಿದ್ದ ಫುಲಮ್ ಎದುರು ಎಂಬತ್ತಕ್ಕೂ ಹೆಚ್ಚು ಕ್ರಾಸ್ ಹಾಕಿ 2–2ಕ್ಕೆ ನಿಂತಿತು. ಆ ಟೀಕೆಯನ್ನು ನಾನು ಒಪ್ಪುವುದಿಲ್ಲ. ಎದುರಾಳಿಗಳೆಲ್ಲ ಆಗಲೇ ಬಂದು ತುಂಬಿಕೊಂಡಿರುವ ಜಾಗಕ್ಕೆ ಮತ್ತೆಮತ್ತೆ ಎತ್ತಿ ಹಾಕಿದ್ದು ಕ್ರಾಸೇ ಅಲ್ಲ. ಹೊತ್ತು ಮೀರಿದ ಮೇಲೆ ಹೂವಿಗೆ ಪರಾಗ ಮುಟ್ಟಿಸಿದ ಕೆಲಸ ಅದು. ಉದಾಂತ ಆ ರಾತ್ರಿ ಕಳಿಸಿದ ಮೊದಲ ಚೆಂಡಿನ ಚಿತ್ರ ಇನ್ನೊಮ್ಮೆ ಸಿಕ್ಕರೆ ಚೆಂಡನ್ನು ಬಿಟ್ಟು ಚೆಟ್ರಿಯ ಕಾಲನ್ನು ನೋಡಿ. ಉದಾಂತ ಹೊಡೆಯುವ ಹೊತ್ತಿಗೆ ಅವರು ಇನ್ನೂ ಓಡುತ್ತಲೇ ಇದ್ದಾರೆ, ಚೆಂಡು ಬೀಳಲಿರುವ ಜಾಗ ಇನ್ನೂ ಖಾಲಿ ಇದೆ.