ಮರದ ಬ್ಯಾಟಿನಿಂದ ಇಂಗಾಲದ ಬ್ಯಾಟಿಗೆ

ಮಗು ಎಂಟು ಹತ್ತು ವರ್ಷದ್ದಾಯಿತೆಂದರೆ, ಒಂದು ದಿನ ಬಂದು ಷಟಲ್ ಆಡಲು ಬ್ಯಾಟು ಬೇಕೆನ್ನುತ್ತದೆ. ತಂದೆ ಅಂಗಡಿಗೆ ಹೋಗುತ್ತಾನೆ. ಗೋಡೆಯ ತುಂಬ ತೂಗುಹಾಕಿದ ರ‍್ಯಾಕೆಟ್ಟುಗಳು; ಒಂದೊಂದಕ್ಕೆ ಒಂದೊಂದು ಬೆಲೆ. ಯಾವುದನ್ನು ಆರಿಸುವುದು? ಆ ಬ್ಯಾಟು ನಡೆದು ಬಂದ ದಾರಿಯನ್ನು ಸ್ವಲ್ಪ ತಿಳಿದುಕೊಂಡರೆ ಈ ಗೊಂದಲ ಬಹುಮಟ್ಟಿಗೆ ತಿಳಿಯಾಗುತ್ತದೆ.

ಗರಿಯ ಬಿರಡೆಯನ್ನು ನೆಲಕ್ಕೆ ಬೀಳದಂತೆ ಹೊಡೆಯುತ್ತಿರುವ ಆಟ ಬಹಳ ಹಳೆಯದು. ಇಂಗ್ಲೆಂಡಿನ ಮಕ್ಕಳು ಚರ್ಮ ಬಿಗಿದ ಸಣ್ಣ ಬ್ಯಾಟುಗಳಿಂದ ಅದನ್ನು ಆಡುತ್ತಿದ್ದರು. ನಡುವೆ ಬಲೆಯಿರಲಿಲ್ಲ, ಎಷ್ಟು ಹೊಡೆತ ನಡೆಯಿತೆಂದು ಎಣಿಸುವುದಷ್ಟೇ ಆಟ. 19ನೆಯ ಶತಮಾನದ ಉತ್ತರಾರ್ಧದಲ್ಲಿ ನಮ್ಮ ಪುಣೆಯಲ್ಲಿದ್ದ ಬ್ರಿಟಿಷ್ ಸೈನ್ಯಾಧಿಕಾರಿಗಳು ಬಲೆ ಕಟ್ಟಿ ಆಡಿದರು. ಆಟಕ್ಕೆ 'ಪೂನಾ' ಎಂಬ ಹೆಸರೂ ಬಂದಿತ್ತು. ಮುಂದೆ ಬ್ಯೂಫೋರ್ಟಿನ ಡ್ಯೂಕನ ಅರಮನೆಯಾದ ಬ್ಯಾಡ್ಮಿಂಟನ್ ಹೌಸಿನ ಹೆಸರೇ ನಿಂತಿತು. 1893ರಲ್ಲಿ ಇಂಗ್ಲೆಂಡಿನಲ್ಲಿ ಸಂಘ ಹುಟ್ಟಿತು. 1899ರಲ್ಲಿ ಆಲ್ ಇಂಗ್ಲೆಂಡ್ ಪಂದ್ಯಾವಳಿ ಆರಂಭವಾಯಿತು.

ಆ ಕಾಲದ ಬ್ಯಾಟು ಪೂರ್ತಿ ಮರದ್ದು. ಅದಕ್ಕೆ ಬಿಗಿಯುತ್ತಿದ್ದ ತಂತಿಗೆ ಇಂಗ್ಲಿಷಿನಲ್ಲಿ 'ಕ್ಯಾಟ್‌ಗಟ್' ಎಂದು ಹೆಸರು. ಆದರೆ ಬೆಕ್ಕಿಗೂ ಅದಕ್ಕೂ ಸಂಬಂಧವಿಲ್ಲ, ಕುರಿ ದನಗಳ ಕರುಳಿನಿಂದ ಮಾಡಿದ್ದು. ಮಳೆಗಾಲ ಬಂದರೆ ಎರಡಕ್ಕೂ ಕಷ್ಟ: ಕರುಳು ತೇವ ಹೀರಿ ಕೆಡುತ್ತಿತ್ತು, ಮರ ಸೊಟ್ಟಗಾಗುತ್ತಿತ್ತು. ಆದ್ದರಿಂದ ಆಟ ಮುಗಿದೊಡನೆ ಬ್ಯಾಟನ್ನು ಮರದ ಚೌಕಟ್ಟಿನಲ್ಲಿಟ್ಟು ನಾಲ್ಕು ಮೂಲೆಗಳಲ್ಲಿ ತಿರುಪು ಬಿಗಿದಿಡಬೇಕಾಗಿತ್ತು. ಭಾರವೂ ನೂರು ಗ್ರಾಮನ್ನು ಮೀರಿದ್ದು. ಹೊಸಬನ ಪಾಲಿಗೆ ಬರುತ್ತಿದ್ದುದು ಬಹುಶಃ ಅಣ್ಣನು ಆಡಿ ಬಿಟ್ಟ ಬ್ಯಾಟು. ಆಯ್ಕೆಯ ಮಾತೆಲ್ಲಿ?

ಹೀಗಿದ್ದರೂ ಆಟ ಬೆಳೆಯಿತು. ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ನಿನಲ್ಲಿ ಪ್ರಕಾಶ್ ಪಡುಕೋಣೆ ಆಟ ಕಲಿತ ಅಂಕಣ ಮದುವೆಯ ಸಭಾಂಗಣವೂ ಆಗಿತ್ತು; ಮದುವೆಯಿದ್ದ ದಿನ ಆಟಕ್ಕೆ ರಜೆ. ಅಲ್ಲಿಂದ ಹೊರಟವರು 1980ರಲ್ಲಿ ಲೀಮ್ ಸ್ವೀ ಕಿಂಗ್‌ರನ್ನು ಸೋಲಿಸಿ ಆಲ್ ಇಂಗ್ಲೆಂಡ್ ಗೆದ್ದರು. ಕಲಿಕೆಗೆ ಬೇಕಾದುದು ಮೊದಲು ಅಭ್ಯಾಸ, ಆಮೇಲೆ ಸಲಕರಣೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಈ ನಡುವೆ ಬ್ಯಾಟು ಬದಲಾಗುತ್ತ ಬಂತು. ಮೊದಲು ಮರದ ತಲೆಗೆ ಉಕ್ಕಿನ ದಂಡ ಸೇರಿತು. ಬಳಿಕ ತಲೆಯೂ ಲೋಹದ್ದಾಯಿತು. ಕೊನೆಗೆ ಇಂಗಾಲದ ನಾರು ಬಂತು. ತಂತಿ ನೈಲಾನಿನದಾಯಿತು. ಇಂದು ಸಾಮಾನ್ಯ ಬ್ಯಾಟಿನ ತೂಕ 80ರಿಂದ 90 ಗ್ರಾಮು. ಇಂಗಾಲದ ಚೌಕಟ್ಟು ಮರ ತಾಳಲಾರದ ಬಿಗಿಯನ್ನು ತಾಳುತ್ತದೆ. ಪಳಗಿದ ಆಟಗಾರರು 30 ಪೌಂಡಿನ ಆಸುಪಾಸಿಗೆ ತಂತಿ ಎಳೆಸುವುದುಂಟು. ತೊಡಕು ಹುಟ್ಟಿದ್ದು ಇಲ್ಲಿಯೇ. ಬಿಗಿ ಹೆಚ್ಚಿದಷ್ಟೂ ಹೊಡೆತಕ್ಕೆ ಖಚಿತತೆ ಬರುತ್ತದೆ, ಆದರೆ ತಂತಿಯ ಚಿಮ್ಮುವ ಗುಣ ತಗ್ಗುತ್ತದೆ; ಚಿಮ್ಮಿಸುವ ಕೆಲಸವೆಲ್ಲ ಕೈಯ ಮೇಲೆ ಬೀಳುತ್ತದೆ. ದಂಡ ಗಡುಸಾದಷ್ಟೂ ಹಾಗೆಯೇ.

ಆದುದರಿಂದ ಗೆದ್ದವರ ಬ್ಯಾಟನ್ನೇ ಹುಡುಕಿ ದುಬಾರಿ ಬೆಲೆಗೆ ತಂದುಕೊಟ್ಟರೆ ಮಗುವಿಗೆ ಉಪಕಾರವಾಗದು. ಬಿರಡೆ ಅಂಕಣದ ಆ ತುದಿಗೆ ಹೋಗುವುದಿಲ್ಲ. ಮಗು ತೋಳೆತ್ತಿ ಬೀಸುತ್ತದೆ. ಭುಜ, ಮೊಣಕೈ ನೋಯುತ್ತವೆ. ತನಗೆ ಆಟ ಬಾರದೆಂದು ಬಿಟ್ಟುಬಿಡುತ್ತದೆ. ತಪ್ಪು ಬ್ಯಾಟಿನದು, ಹೆಸರು ಕೆಟ್ಟದ್ದು ಮಗುವಿನದು!

ಹೊಸಬರಿಗೆ ಬೇಕಾದುದು ಇಷ್ಟು: 85 ಗ್ರಾಮಿನ ಸುತ್ತಮುತ್ತಲ ಹಗುರ ಬ್ಯಾಟು, ಬಳುಕುವ ದಂಡ, ತಲೆಗೂ ಹಿಡಿಗೂ ಭಾರ ಸಮನಾಗಿ ಹಂಚಿರಬೇಕು, ತಂತಿ 20 ಪೌಂಡಿನ ಸುಮಾರಿಗೆ ಇರಲಿ. ಹಿಡಿ ಅಂಗೈ ತುಂಬ ಗಟ್ಟಿಯಾಗಿ ಕೂರದೆ, ಬೆರಳುಗಳಲ್ಲಿ ಸಲೀಸಾಗಿ ತಿರುಗುವಂತಿರಬೇಕು. ತೀರ ಚಿಕ್ಕ ಮಕ್ಕಳಿಗೆ ಗಿಡ್ಡ ದಂಡದ ಬ್ಯಾಟೇ ಲೇಸು. ಅಂಗಡಿಗೆ ಮಗುವನ್ನೂ ಕರೆದೊಯ್ಯಿರಿ; ಅದರ ಕೈಗೆ ಕೊಟ್ಟು ನಾಲ್ಕು ಬಾರಿ ಬೀಸಿಸಿ ನೋಡಿರಿ.

ಮರದ ಬ್ಯಾಟಿನ ಕಾಲದಲ್ಲಿ ಮಗು ಬ್ಯಾಟಿಗೆ ಹೊಂದಿಕೊಳ್ಳಬೇಕಾಗಿತ್ತು. ಈಗ ಮಗುವಿಗೆ ಹೊಂದುವ ಬ್ಯಾಟು ಸಿಗುತ್ತದೆ. ನೂರು ವರ್ಷಗಳ ಈ ಲಾಭವನ್ನು ಬೆಲೆಯ ಮೋಹಕ್ಕೆ ಕಳೆದುಕೊಳ್ಳಬಾರದು.