ಶೋಕೇಸಿನ ಕಪ್ಪು, ಹಿತ್ತಲ ಕಪ್ಪು

ಫೋಟೋ 1
ಭಾನುವಾರ ನಮ್ಮನೆಗೆ ಏಳು ಮಂದಿ ಬರ್ತಿದ್ದೀರಿ. "ಚಹಾ ಹಳೇ ಟೀ ಸೆಟ್‌ನಲ್ಲೇ ಬೇಕು, ರೀಲ್ ಮಾಡೋಣ" ಅಂತ ಗ್ರೂಪಿನಲ್ಲಿ ಆರ್ಡರ್ ಕೊಟ್ಟವರು ಯಾರು ಅಂತ ನಿಮಗೇ ಗೊತ್ತು. ಸರಿ ಅಂತ ಶೋಕೇಸಿನ ಗಾಜು ಸರಿಸಿದೆ. ಬಶಿ ಆರೂ ಇವೆ. ಕಪ್ಪು ಮಾತ್ರ ನಾಲ್ಕೇ ನೆಟ್ಟಗಿವೆ. ಒಂದಕ್ಕೆ ಹಿಡಿ ಇಲ್ಲ, ಇನ್ನೊಂದರಲ್ಲಿ ಕೂದಲೆಳೆಯಷ್ಟು ಬಿರುಕು. ಕಿಟ್ಲಿಗೆ ಮುಚ್ಚಳ ಇಲ್ಲ. ನಾನೂ ಸೇರಿ ಎಂಟು ಜನ, ಕಪ್ಪು ನಾಲ್ಕು. ಈ ಲೆಕ್ಕ ಸರಿ ಮಾಡೋಕೆ ಹೋಗಿ ಒಂದು ವಾರ ಕಪ್ಪುಗಳ ಇತಿಹಾಸದಲ್ಲೇ ಕಳೆದೆ. ಉದ್ದ ಇದೆ, ತಾಳ್ಮೆಯಿಂದ ಓದ್ರಿ.

ಫೋಟೋ 2
ತಳ ತಿರುಗಿಸಿ ನೋಡಿ. ಹಳೇ ಕಪ್ಪು ಆರಿಸುವವರು ಹೂವಿನ ಚಿತ್ರಕ್ಕಿಂತ ಮೊದಲು ನೋಡೋದು ತಳದ ಮುದ್ರೆಯನ್ನು. ನಮ್ಮದರಲ್ಲಿ ಕಲ್ಕತ್ತದ ಬೆಂಗಾಲ್ ಪಾಟರೀಸ್ ಮುದ್ರೆ ಇದೆ. ಕಲ್ಕತ್ತದ ಕಪ್ಪು ದಾಂಡೇಲಿಗೆ ಹೇಗೆ ಬಂತು? ನಮ್ಮ ಕಾಲೊನಿಯ ಹೆಸರಲ್ಲೇ ಉತ್ತರ ಇದೆ. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸ್ಥಾಪಿಸಿದ ಬಂಗೂರ್ ಮನೆತನದವರು ಮೂಲತಃ ರಾಜಸ್ಥಾನದವರು, ವ್ಯಾಪಾರದ ನೆಲೆ ಕಲ್ಕತ್ತ. ಕಟ್ಟಿಗೆ ಡಿಪೋ ಇದ್ದ ಕಾಡಿನ ಊರಿಗೆ ಆಮೇಲೆ ದೂರ ದೂರದ ಜನ ಬಂದರು, ಅವರ ಸಾಮಾನೂ ಬಂತು. ಊರು ಬಿಟ್ಟು ಹೊರಟ ಒಂದು ಕುಟುಂಬದಿಂದ ನಮ್ಮಜ್ಜ ಈ ಸೆಟ್ ಕೊಂಡುಕೊಂಡರಂತೆ.

ಹಾಗಾದ್ರೆ ಇದು ಆಂಟಿಕ್ಕಾ? ಅಲ್ಲ. ಆ ಪದಕ್ಕೆ ವಾಡಿಕೆಯಲ್ಲಿ 100 ವರ್ಷ ಆಗಿರಬೇಕು. ನಮ್ಮ ದೇಶದ 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲೂ ಕಲಾವಸ್ತುಗಳಿಗೆ ಇರೋದು 100 ವರ್ಷದ ಗೆರೆಯೇ. ನಮ್ಮದು ವಿಂಟೇಜ್, ಅಂದ್ರೆ ಅಜ್ಜನ ಕಾಲದ್ದು, ಅಷ್ಟೇ. ಅಂಗಡಿಯವರು "ನೂರು ವರ್ಷದ್ದು" ಅಂದ್ರೆ ಮುದ್ರೆ ಓದಿ. 1891ರಿಂದ ಅಮೆರಿಕಕ್ಕೆ ಹೋಗುವ ಮಾಲಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ ಕಾನೂನಾಯ್ತು. ಹಾಗಾಗಿ ಬರೀ "ಇಂಗ್ಲೆಂಡ್" ಅಂತ ಇದ್ದರೆ ಸಾಮಾನ್ಯವಾಗಿ ಅದರ ನಂತರದ್ದು. "ಮೇಡ್ ಇನ್ ಇಂಗ್ಲೆಂಡ್" ಅಂತ ಪೂರ್ತಿ ಇದ್ದರೆ ಹೆಚ್ಚಾಗಿ 20ನೇ ಶತಮಾನದ್ದು. "ನಿಪ್ಪಾನ್" ಅಂತಿದ್ದರೆ ಬಹುತೇಕ 1921ಕ್ಕಿಂತ ಹಿಂದಿನದು. "ಆಕ್ಯುಪೈಡ್ ಜಪಾನ್" ಅಂತಿದ್ದರೆ ಎರಡನೇ ಮಹಾಯುದ್ಧದಲ್ಲಿ ಸೋತ ಜಪಾನ್ ಅಮೆರಿಕದ ಕೈಯಲ್ಲಿದ್ದಾಗಿನದು, ಅಂದ್ರೆ 1952ರ ಒಳಗಿನದು. ಒಂದು ಕಪ್ಪಿನ ತಳದಲ್ಲಿ ಒಂದು ಯುದ್ಧದ ಫಲಿತಾಂಶ!

ಫೋಟೋ 3
ಚೀನಾದ ಕಪ್ಪಿಗೆ ಹಿಡಿಯೇ ಇರಲಿಲ್ಲ. ಯುರೋಪಿನವರು ಪಿಂಗಾಣಿ ಮಾಡುವ ಗುಟ್ಟು ಕಂಡುಕೊಂಡು ಜರ್ಮನಿಯ ಮೈಸೆನ್‌ನಲ್ಲಿ 1710ರಲ್ಲಿ ಕಾರ್ಖಾನೆ ತೆಗೆದರು. ಬಿಸಿ ಚಹಾಕ್ಕೆ ಬೆರಳು ಸುಡದಂತೆ ಹಿಡಿ ಬಂದದ್ದೂ ಯುರೋಪಿನಲ್ಲೇ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಬಶಿ ಆಳವಾಗಿರುತ್ತಿತ್ತು, ಜನ ಅದಕ್ಕೇ ಸುರುವಿಕೊಂಡು ಆರಿಸಿ ಕುಡಿಯುತ್ತಿದ್ದರು. ನಮ್ಮಜ್ಜ ಬಶಿಯಲ್ಲಿ ಸೊರ್ರ್ ಅಂತ ಕುಡಿಯುವಾಗ "ಅಜ್ಜಾ, ಮ್ಯಾನರ್ಸ್" ಅಂತ ನಗ್ತಿದ್ದೆ. ಅದು ಹಳೇ ಮ್ಯಾನರ್ಸೇ ಆಗಿತ್ತು ಅಂತ ಈಗ ಗೊತ್ತಾಯ್ತು.

ಬೋನ್ ಚೈನಾ 1790ರ ದಶಕದ ಹೊತ್ತಿಗೆ ಇಂಗ್ಲೆಂಡಿನ ಸ್ಟೋಕ್‌ನಲ್ಲಿ, ಸ್ಪೋಡ್ ಮನೆತನದ ಕಾರ್ಖಾನೆಯಲ್ಲಿ ಹದಕ್ಕೆ ಬಂತು. ಹೆಸರೇ ಹೇಳುವಂತೆ ಅದರಲ್ಲಿ ಸುಟ್ಟ ಮೂಳೆಯ ಬೂದಿ ಇರುತ್ತೆ, ಹೆಚ್ಚು ಕಡಿಮೆ ಅರ್ಧದಷ್ಟು. ದೀಪಕ್ಕೆ ಹಿಡಿದರೆ ಆಚೆ ಬದಿಯ ಬೆರಳಿನ ನೆರಳು ಕಾಣುತ್ತೆ. ಇದಕ್ಕೇ ಎಷ್ಟೋ ಸಸ್ಯಾಹಾರಿ ಮನೆಗಳಲ್ಲಿ ಇಂದಿಗೂ ಅದು ಒಳಗೆ ಬರಲ್ಲ. ಅತಿಥಿಗೆ ಕೊಡುವ ಮುಂಚೆ ಕೇಳಿಬಿಡೋದು ಒಳ್ಳೇದು. ನಿಮ್ಮಲ್ಲಿ ಇಬ್ಬರನ್ನ ಆಗಲೇ ಕೇಳಿದ್ದೀನಿ.

ಫೋಟೋ 4
ಈ ಫೋಟೋ ಹಾಕೋಕೆ ಆಯಿ ಎರಡು ದಿನ ಬೇಡ ಅಂದಳು.

ಹಿತ್ತಲ ಗೋಡೆಯ ಗೂಡಿನಲ್ಲಿ, ಸೀಗೆಪುಡಿ ಡಬ್ಬಿ ಹಿಂದೆ ಸಿಕ್ಕಿತು. ನೀಲಿ ಅಂಚಿನ ಬಿಳಿ ಎನಾಮಲ್ ಕಪ್ಪು, ಅಲ್ಲಲ್ಲಿ ಚಕ್ಕೆ ಎದ್ದು ಕಪ್ಪು ತಗಡು ಕಾಣ್ತದೆ. "ಇದೂ ಸೆಟ್ಟಿಂದಾ?" ಅಂತ ಕೇಳಿದೆ.
"ಅದ್ ಬ್ಯಾರೆ. ಕಟ್ಟಿಗಿ ತರೋರಿಗೆ ಇಟ್ಟಿದ್ದು."
"ಅವರಿಗೆ ಯಾಕ್ ಬ್ಯಾರೆ?"
ಆಯಿ ಸೊಪ್ಪು ಸೋಸೋದು ನಿಲ್ಲಿಸಲಿಲ್ಲ. "ಆಗ ಹಂಗಿತ್ತು. ಅವ್ರ ಕುಡದು ಅವ್ರ ತೊಳದು ಇಡ್ತಿದ್ರು. ನಾವ್ ಮ್ಯಾಲಿಂದ ಸುರುವ್ತಿದ್ವಿ."

ಒಂದೇ ಮನೆಯಲ್ಲಿ ಮೂರು ಥರದ ಪಾತ್ರೆ. ಸಾಹೇಬರು ಬಂದರೆ ಪಿಂಗಾಣಿ, ಮನೆಯವರಿಗೆ ಸ್ಟೀಲು, ಹಿತ್ತಲಿಗೆ ಬಂದವರಿಗೆ ಇದು. ಮಡಿ ಬಲವಾಗಿದ್ದ ಮನೆಗಳ ಲೆಕ್ಕದಲ್ಲಿ ಲೋಹದ ಪಾತ್ರೆ ಬೆಳಗಿದರೆ ಶುದ್ಧ, ಮಣ್ಣಿನದು ಒಮ್ಮೆ ಮುಟ್ಟಿದರೆ ಹೋಯ್ತು. ಪಿಂಗಾಣಿಯೂ ಮಣ್ಣೇ ತಾನೆ! ಅದಕ್ಕೇ ಅಂಥ ಮನೆಗಳಲ್ಲಿ ಪಿಂಗಾಣಿ ಕಪ್ಪು ಹೊರಗಿನವರ ಪಾತ್ರೆಯಾಗಿತ್ತು. ಶೋಕೇಸಿನ ಕಪ್ಪೂ ಹಿತ್ತಲ ಕಪ್ಪೂ ಒಂದೇ ಯೋಚನೆಯಿಂದ ಹುಟ್ಟಿದ್ದು. ಒಂದನ್ನು ಮಾತ್ರ ಗಾಜಿನ ಹಿಂದೆ ಇಟ್ಟರು.

ಚಹಾ ಅಷ್ಟೇನೂ ಹಳೇ ಸಂಪ್ರದಾಯವಲ್ಲ ಅನ್ನೋದನ್ನೂ ನೆನಪಿಡಿ. 1903ರಲ್ಲಿ ಚಹಾದ ಮೇಲೆ ಸೆಸ್ ಹಾಕಿ, ಆ ದುಡ್ಡಲ್ಲಿ ಪ್ರಚಾರ ಶುರುವಾಯ್ತು. ಸಂತೆ, ರೈಲು ನಿಲ್ದಾಣ, ಗಿರಣಿಗಳಲ್ಲಿ ಕುಡಿಸಿ ಕುಡಿಸಿ ರೂಢಿ ಮಾಡಿಸಿದರು. ಹೊಸದಾಗಿ ಬಂದ ಪಾನೀಯ, ಹಳೇ ಕಟ್ಟಲೆಯೊಳಗೆ ಎಷ್ಟು ಬೇಗ ಹೊಂದಿಕೊಂಡುಬಿಟ್ಟಿತು ನೋಡಿ. ಹೋಟೆಲುಗಳಲ್ಲೂ ದಲಿತರಿಗೆ ಬೇರೆ ಕಪ್ಪು, ಬೇರೆ ಲೋಟ ಇಡೋದು ನಡೀತಿತ್ತು. ಅದರ ವಿರುದ್ಧ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ ಜಾರಿಯಾದದ್ದು 1955ರ ಜೂನ್ 1ಕ್ಕೆ. ಅದರ 4ನೇ ಕಲಮಿನಲ್ಲಿ ಹೋಟೆಲಿನ ಪಾತ್ರೆಗಳ ಮಾತೇ ನೇರವಾಗಿ ಇದೆ: ಎಲ್ಲರ ಬಳಕೆಗೆ ಇಟ್ಟ ಪಾತ್ರೆಯನ್ನು ಅಸ್ಪೃಶ್ಯತೆಯ ಕಾರಣಕ್ಕೆ ಯಾರಿಗೂ ನಿರಾಕರಿಸುವಂತಿಲ್ಲ. ನಮ್ಮೂರಿಗೆ ಮಿಲ್ ಬಂದ ವರ್ಷವೂ ಅದೇ 1955. ಆದರೆ ಆ ಕಲಮು ಹೋಟೆಲಿನದು. ನಮ್ಮನೆ ಹಿತ್ತಲ ಗೂಡಿನ ತನಕ ಅದು ಬರಲಿಲ್ಲ. ಆ ಕಪ್ಪು ಅಲ್ಲೇ ಉಳಿದಿತ್ತು, ಯಾರೂ ಎಸೆಯಲೂ ಇಲ್ಲ.

"ಫೋಟೋ ಯಾಕ್ ಹಾಕ್ಬೇಕು, ಮಂದಿ ಏನಂತಾರ?" ಅಂದವಳು ಮೂರನೇ ದಿನ ತಾನೇ ಅದನ್ನು ಬೂದಿ ಹಚ್ಚಿ ತೊಳೆದು ತಂದಳು. "ತಗಿ" ಅಂದಳು. ಅಷ್ಟೇ. ಮುಂದೆ ನಾನೂ ಕೇಳಲಿಲ್ಲ.

ಫೋಟೋ 5
ಇದು ಮುಂಡಗೋಡದ್ದು, ಹೋದ ವರ್ಷ ಗೆಳತಿಯ ಮನೆಯಲ್ಲಿ ತೆಗೆದದ್ದು. 1966ರಿಂದ ಅಲ್ಲಿ ಟಿಬೆಟನ್ ವಸತಿ ಇದೆ. ಮುಚ್ಚಳ ಇರುವ ಪಿಂಗಾಣಿ ಬಟ್ಟಲು, ಕೆಳಗೆ ಲೋಹದ ಕಾಲು, ಒಳಗೆ ಬೆಣ್ಣೆ ಮತ್ತು ಉಪ್ಪು ಹಾಕಿದ ಚಹಾ. ಹಿಂದೆ ಟಿಬೆಟನ್ನರು ತಮ್ಮ ಮರದ ಬಟ್ಟಲನ್ನು ಅಂಗಿಯ ಮಡಿಕೆಯಲ್ಲಿ ಜೊತೆಗೇ ಒಯ್ಯುತ್ತಿದ್ದರಂತೆ. ಅಲ್ಲೂ ಬೇರೆ ಬೇರೆ ಬಟ್ಟಲು, ಆದರೆ ಅದನ್ನು ಆರಿಸಿಕೊಂಡವರು ಕುಡಿಯುವವರೇ. ಒಂದು ಗುಟುಕು ಕುಡಿದರೆ ಸಾಕು, ಮತ್ತೆ ತುಂಬ್ತಾರೆ. ನಿಲ್ಲಿಸೋದು ಹೇಗೆ ಅಂತ ಗೊತ್ತಾಗದೆ ನಾಲ್ಕು ಬಟ್ಟಲು ಕುಡಿದೆ.

ಫೋಟೋ 6
ಈಗ ಎಂಟು ಕಪ್ಪಿನ ಲೆಕ್ಕ. ನಾಲ್ಕಕ್ಕೆ ಸರಿಹೊಂದುವ ಅದೇ ಡಿಸೈನ್ ಹುಡುಕೋದು ಬಿಟ್ಟೆ. ನಾಲ್ಕು ಜನಕ್ಕೆ "ಸೆಟ್ಟು", ಉಳಿದವರಿಗೆ ಬೇರೆ ಅಂದ್ರೆ ಮತ್ತೆ ಅದೇ ಕಥೆ. ಹುಬ್ಬಳ್ಳಿಯ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಬಿಡಿ ಕಪ್ಪು ಆರು ತಂದೆ, ಒಂದಕ್ಕೊಂದು ಸಂಬಂಧ ಇಲ್ಲದವು. ಅದಕ್ಕೆ ಸೆಟ್ಟಿನವು ಎರಡೇ ಸೇರಿಸಿದ್ದೀನಿ.

ನೀವೂ ಬಿಡಿ ಕಪ್ಪು ಕೊಳ್ಳೋದಾದ್ರೆ: ಅಂಗೈ ಮೇಲೆ ಕೂರಿಸಿ ಉಗುರಿಂದ ತಟ್ಟಿ. ಗಂಟೆಯಂತೆ ಟಣ್ ಅಂದ್ರೆ ಗಟ್ಟಿ, ಮಂಕಾಗಿ ಟಪ್ ಅಂದ್ರೆ ಎಲ್ಲೋ ಬಿರುಕಿದೆ. ಹಿಡಿ ಅಂಟಿಸಿದ್ದು ಬಿಸಿ ಚಹಾಕ್ಕೆ ಯಾವಾಗ ಕೈ ಕೊಡುತ್ತೋ ಹೇಳಕ್ಕಾಗಲ್ಲ, ಬೇಡ. ಒಳಮೈಯಲ್ಲಿ ಬಣ್ಣದ ಚಿತ್ರ ಇದ್ದು, ಅದು ಬೆರಳಿಗೆ ಉಬ್ಬಾಗಿ ಸಿಕ್ಕರೆ ಅಥವಾ ಸವೆದಿದ್ದರೆ ಶೋಕೇಸಿಗೆ ಮಾತ್ರ. ಹಳೇ ಬಣ್ಣಗಳಲ್ಲಿ ಸೀಸ ಇರಬಹುದು, ನಿಂಬೆ ಚಹಾದಂಥ ಹುಳಿಗೆ ಅದು ಬಿಡುತ್ತೆ. ಬಂಗಾರದ ಗೆರೆ ಇದ್ದರೆ ಮೈಕ್ರೋವೇವ್ ಬೇಡ, ತಂತಿ ಬ್ರಷ್ ಅಂತೂ ಬೇಡವೇ ಬೇಡ. ಸುರಿಯೋ ಮುಂಚೆ ಉಗುರುಬೆಚ್ಚಗಿನ ನೀರು ಆಡಿಸಿ, ಹಳೇ ಪಿಂಗಾಣಿ ಒಮ್ಮೆಲೇ ಕುದಿಯೋದನ್ನ ತಡೆಯಲ್ಲ.

ಎನಾಮಲ್ ಕಪ್ಪಿನಲ್ಲಿ ಯಾರಿಗೂ ಚಹಾ ಕೊಡಲ್ಲ. ಅದು ಈಗ ಶೋಕೇಸಿನಲ್ಲಿದೆ, ಮುಚ್ಚಳ ಇಲ್ಲದ ಕಿಟ್ಲಿ ಪಕ್ಕ. ನಿಮ್ಮಲ್ಲಿ ಯಾರ ಅಜ್ಜ ಹಳಿಯಾಳದ ಕಡೆಯಿಂದ, ಜೋಯಿಡಾದ ಕಡೆಯಿಂದ ಕಟ್ಟಿಗೆ ಹೊತ್ತು ತಂದಿದ್ದರೋ ಆಯಿಗೂ ನೆನಪಿಲ್ಲ. ಹೆಸರು ಕೇಳುವ ರೂಢಿಯೇ ಇರಲಿಲ್ಲವಂತೆ. ನಿಮ್ಮನೆಯಲ್ಲಿ ಯಾರಿಗಾದರೂ ನೆನಪಿದ್ದರೆ ಕೇಳ್ಕೊಂಡು ಬನ್ನಿ, ಆಯಿಯೂ ಕೂತು ಕೇಳ್ತೀನಿ ಅಂದಿದ್ದಾಳೆ.

ನಾಲ್ಕು ಗಂಟೆಗೆ ಚಹಾ. ಕಪ್ಪು ಟೇಬಲ್ ಮೇಲೆ ಇರ್ತವೆ, ಬೇಕಾದ್ದು ತಗೊಳ್ಳಿ. ಉಳಿದದ್ದು ನನಗೆ.