ಅಕ್ಷರ ಅಳಿಸಿದ ಅಲಗುಗಳು

ನಾಣ್ಯಗಳನ್ನೋ ಓಲೆಗರಿಗಳನ್ನೋ ಕೂಡಿಡುವವರ ಅಕ್ಕರೆ ನಮಗೆ ಸುಲಭವಾಗಿ ಅರ್ಥವಾಗುತ್ತದೆ. ಆದರೆ ಹಿಟ್ಲರನ ಕಾಲದಲ್ಲಿ ಜರ್ಮನಿಯ ಸೇನಾಧಿಕಾರಿಗಳೂ ಪಕ್ಷದ ದಳದವರೂ ಸಮವಸ್ತ್ರದೊಡನೆ ಸೊಂಟಕ್ಕೆ ತೂಗಿಬಿಡುತ್ತಿದ್ದ ಅಲಂಕಾರದ ಕಠಾರಿಗಳನ್ನು ಇಂದಿಗೂ ದುಬಾರಿ ಬೆಲೆ ತೆತ್ತು ಸಂಗ್ರಹಿಸುವವರಿದ್ದಾರೆಂದರೆ ಮನಸ್ಸು ಒಮ್ಮೆ ಹಿಂಜರಿಯುತ್ತದೆ. ಅಂಥ ವಸ್ತುವಿನಿಂದ ಕಲಿಯುವುದೇನಿದೆ? ಇದೆಯೆಂದೇ ನನ್ನ ಭಾವನೆ.

ಈ ಕಠಾರಿಗಳ ತವರು ಜರ್ಮನಿಯ ಪಶ್ಚಿಮ ಭಾಗದ ಸೋಲಿಂಗೆನ್ ಪಟ್ಟಣ. ಮಧ್ಯಯುಗದಿಂದಲೂ ಅಲ್ಲಿಯ ಕುಶಲಕರ್ಮಿಗಳು ಕತ್ತಿಯ ಅಲಗಿಗೆ ಹೆಸರಾದವರು. ಮೊದಲನೆಯ ಮಹಾಯುದ್ಧದಲ್ಲಿ ಸೋತು ಜರ್ಮನಿಯ ಸೈನ್ಯ ಕುಗ್ಗಿದಾಗ ಅವರ ಕಸುಬೂ ಕುಗ್ಗಿತು. 1933ರಲ್ಲಿ ಅಧಿಕಾರ ಹಿಡಿದ ನಾಜಿಗಳಿಗೆ ಸಮವಸ್ತ್ರದ ಮೋಹ ಬಹಳ. ಆ ವರ್ಷವೇ ಅವರ ‘ಎಸ್.ಎ.’ ಎಂಬ ದಳಕ್ಕೆ ಕಠಾರಿ ಬಂದಿತು; 1935ರಲ್ಲಿ ಭೂಸೇನೆಯ ಅಧಿಕಾರಿಗಳಿಗೂ ಬಂದಿತು. ಕಾರ್ಖಾನೆಗಳಿಗೆ ಮತ್ತೆ ಕೆಲಸ ಸಿಕ್ಕಿತು. ಹೊಟ್ಟೆಯ ಪಾಡೂ ಪ್ರಭುತ್ವದ ಆಡಂಬರವೂ ಕೈಕೂಡಿದ್ದು ಹೀಗೆ.

ಎಸ್.ಎ. ಕಠಾರಿಯ ಆಕೃತಿ ಹಳೆಯದು. 16ನೆಯ ಶತಮಾನದ ಸ್ವಿಸ್ ಕಠಾರಿಯದು. ಚಿತ್ರಕಾರ ಹಾನ್ಸ್ ಹೋಲ್ಬೈನ್ ಅಂಥ ಕಠಾರಿಯ ಒರೆಗೆಂದು ರಚಿಸಿದ ಚಿತ್ರದಲ್ಲಿ ಸಾವು ಅರಸನೆನ್ನದೆ, ಸನ್ಯಾಸಿಯೆನ್ನದೆ ಎಲ್ಲರನ್ನೂ ಕುಣಿಸುತ್ತ ಎಳೆದೊಯ್ಯುತ್ತದೆ. ನಾಜಿಗಳು ಆಕೃತಿಯನ್ನು ತೆಗೆದುಕೊಂಡು ಆ ಎಚ್ಚರಿಕೆಯನ್ನು ಕೈಬಿಟ್ಟರು. ಒರೆ ಬರಿದಾಯಿತು, ಅಲಗಿನ ಮೇಲೆ ‘ಎಲ್ಲವೂ ಜರ್ಮನಿಗಾಗಿ’ ಎಂಬ ಘೋಷವಾಕ್ಯ ಮೂಡಿತು.

1934ರ ಆರಂಭದಲ್ಲಿ ದಳದ ನಾಯಕ ಅರ್ನ್ಸ್ಟ್ ರೋಮ್ ತನ್ನ ಹಳೆಯ ಅನುಯಾಯಿಗಳಿಗೆ ಇಂಥ ಕಠಾರಿಗಳನ್ನು ಲಕ್ಷಕ್ಕೂ ಮಿಗಿಲಾಗಿ ಹಂಚಿದ. ಅಲಗಿನ ಹಿಂಬದಿಯಲ್ಲಿ ‘ಹೃತ್ಪೂರ್ವಕ ಸ್ನೇಹದೊಡನೆ’ ಎಂಬ ಮಾತು, ಕೆಳಗೆ ಅವನ ಸಹಿ. ಕೆಲವೇ ತಿಂಗಳು ಕಳೆದಿದ್ದವು. ಜೂನ್ 30ರಂದು ಹಿಟ್ಲರ್ ತನ್ನವರ ಮೇಲೆಯೇ ತಿರುಗಿಬಿದ್ದ. ಮರುದಿನ ರೋಮ್ ಸೆರೆಮನೆಯಲ್ಲಿ ಗುಂಡಿಗೆ ಬಲಿಯಾದ. ಇತಿಹಾಸ ಆ ಕೊಲೆಗಳ ಸರಣಿಯನ್ನು ‘ಉದ್ದ ಕತ್ತಿಗಳ ರಾತ್ರಿ’ ಎಂದು ಕರೆಯುತ್ತದೆ. ಒಡನೆಯೇ ಆ ಬರಹವನ್ನು ಅಳಿಸಿಹಾಕಬೇಕೆಂಬ ಆಜ್ಞೆ ಹೊರಟಿತು. ನಿನ್ನೆ ಹೆಮ್ಮೆಯಿಂದ ಧರಿಸಿದವರೇ ಇಂದು ಸ್ನೇಹದ ಮಾತನ್ನು ಸಾಣೆಗೆ ಕೊಟ್ಟರು. ಕೆಲವರು ಸಹಿಯನ್ನಷ್ಟೇ ಉಜ್ಜಿ ಅಳಿಸಿದರು. ಬರಹವನ್ನು ಹಾಗೆಯೇ ಬಚ್ಚಿಟ್ಟವರು ವಿರಳ.

ಯುದ್ಧ ಮುಗಿದ ಮೇಲೆ ಮಿತ್ರರಾಷ್ಟ್ರಗಳ ಸೈನಿಕರು ಈ ಕಠಾರಿಗಳನ್ನು ಗೆಲುವಿನ ಗುರುತಾಗಿ ತಮ್ಮ ಊರುಗಳಿಗೆ ಒಯ್ದರು. ಸಂಗ್ರಹದ ಹವ್ಯಾಸ ಅಲ್ಲಿಂದ ಬೆಳೆಯಿತು. ಇಂದಿನ ಸಂಗ್ರಾಹಕರು ತಯಾರಕರ ಮುದ್ರೆ, ಹಿಡಿಯ ಲೋಹ, ಅಲಗಿನ ಹೊಳಪು ಇವುಗಳನ್ನು ಪರೀಕ್ಷಿಸಿ ಕಾಲವನ್ನು ನಿರ್ಣಯಿಸುತ್ತಾರೆ. ರೋಮನ ಬರಹ ಪೂರ್ಣವಾಗಿ ಉಳಿದ ಅಲಗಿಗೆ ಬೆಲೆ ಹೆಚ್ಚು. ಆದ್ದರಿಂದಲೇ ನಕಲಿಗಳ ಹಾವಳಿಯೂ ಹೆಚ್ಚು.

ಶಾಸನಗಳನ್ನು ಓದಿ ಪಾಠ ಹೇಳಿದ ನನಗಾದರೋ ಅಕ್ಷರ ಅಳಿದ ಅಲಗೇ ಹೆಚ್ಚು ಬೆಲೆಯುಳ್ಳದ್ದೆಂದು ತೋರುತ್ತದೆ. ಕಲ್ಲಿನ ಶಾಸನದಲ್ಲಿಯೂ ಬೇಕೆಂದೇ ಒಡೆದ ಸಾಲು ಹೇಳುವ ಕಥೆಯನ್ನು ಉಳಿದ ಸಾಲು ಹೇಳುವುದಿಲ್ಲ. ಆ ಸಾಣೆಯ ಗೀರಿನಲ್ಲಿ ಒಬ್ಬ ಸಾಮಾನ್ಯ ಮನುಷ್ಯನ ಭಯವಿದೆ, ವಿಧೇಯತೆಯಿದೆ.

ಆ ಘೋಷವಾಕ್ಯವನ್ನು ಸಭೆಗಳಲ್ಲಿ ನುಡಿಯುವುದು ಇಂದಿನ ಜರ್ಮನಿಯಲ್ಲಿ ಅಪರಾಧ; 2024ರಲ್ಲಿ ಹಾಲೆ ನಗರದ ನ್ಯಾಯಾಲಯ ಅದಕ್ಕಾಗಿ ರಾಜಕಾರಣಿಯೊಬ್ಬನಿಗೆ ದಂಡ ವಿಧಿಸಿತು. ಆದರೆ ಅಧ್ಯಯನಕ್ಕೆ, ಬೋಧನೆಗೆ ಆ ಕಾನೂನು ಎಡೆಯಿಟ್ಟಿದೆ. ವಿವೇಕದ ಗಡಿ ಅದೇ ಎನ್ನಬೇಕು. ಕಠಾರಿಯ ಹೊಳಪಿಗೆ ಮರುಳಾಗಿ ಕೂಡಿಡುವವನು ಆ ಕಾಲದ ಆಡಂಬರವನ್ನೇ ಮತ್ತೆ ಕೊಂಡಂತಾಗುತ್ತದೆ. ಅದರ ಗೀರನ್ನು ಓದಬಲ್ಲವನ ಕೈಯಲ್ಲಿ ಮಾತ್ರ ಅದು ಸಾಕ್ಷಿ.